ಮುಂಗೈಯೊಳಗಿನ ಕಬ್ಬಿಣ

ಮ್ವಾಲುಗೆ ಹಳ್ಳಿ, ಮ್ವಾಂಜಾ ಕಡೆ
೫ ಮಾರ್ಚ್ ೧೯೭೨

ಅಣ್ಣ ಲುಹೆಂಡೆ,

ಅಕ್ಷರ ನೋಡಿ ಇದು ಯಾರದೋ ಪತ್ರ, ದಾರಿ ತಪ್ಪಿ ಬಂದಿದೆ ಅಂದುಕೊಳ್ಳಬೇಡ. ನಿನ್ನ ತಂಗಿ ಮಿಂಜಾಳದೇ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಜನವರಿಯ ಮಳೆಯಲ್ಲಿ ಓದಿನ ತರಗತಿಗೆ ಹೋಗುವಾಗ ಸೈಕಲ್ಲು ಜಾರಿ ಬಿದ್ದೆ, ಬಲ ಮುಂಗೈಯ ಎರಡು ಮೂಳೆಯೂ ಮುರಿದವು ಎಂದು ಅವ್ವ ಬರೆಸಿದ್ದಳಲ್ಲ, ಆಮೇಲಿನದನ್ನು ನನ್ನಿಂದಲೇ ಕೇಳು.

ಅವ್ವ ಮೊದಲು ಮೂಳೆ ಕಟ್ಟುವ ಮುದುಕನನ್ನು ಕರೆಸಿದಳು. ಅವನು ಒಂದು ಕೋಳಿ ತರಿಸಿ ಅದರ ಕಾಲು ಮುರಿಯಲು ಹೊರಟ. ಕೋಳಿಯ ಕಾಲು ಕೂಡಿದ ದಿನ ನನ್ನ ಕೈಯೂ ಕೂಡುತ್ತದಂತೆ. 'ಕೋಳಿ ಏನ್ ತಪ್ಪು ಮಾಡಿತ್ತಜ್ಜ?' ಅಂದೆ. ಮುದುಕ ಎದ್ದು ಹೋದ. ಅವ್ವ ನನ್ನನ್ನೂ ನೀನು ಕಳಿಸಿದ ಕರಪತ್ರಗಳನ್ನೂ ಸೇರಿಸಿ ಬೈದಳು. ನಾನು ಮುರಿದ ಕೈಯನ್ನು ಅವ್ವನ ಮೇಲುಬಟ್ಟೆಯಲ್ಲಿ ಕುತ್ತಿಗೆಗೆ ಕಟ್ಟಿಕೊಂಡು ಮ್ವಾಂಜಾದ ಬಸ್ಸು ಹತ್ತಿದೆ.

ದೊಡ್ಡಾಸ್ಪತ್ರೆಯಲ್ಲಿ ಕೈ ಕೊಯ್ದು, ಎರಡು ಮೂಳೆಗೂ ಒಂದೊಂದು ಕಬ್ಬಿಣದ ಪಟ್ಟಿ ಇಟ್ಟು, ತಿರುಪು ಹಾಕಿ ಬಿಗಿದರು. ಆ ಡಾಕ್ಟರು ಹೇಳಿದ್ದನ್ನು ನಾನು ಗೋಡೆಯ ಮೇಲೆ ಬರೆದಿಟ್ಟುಕೊಂಡಿದ್ದೇನೆ: 'ಕಬ್ಬಿಣ ಮೂಳೇನ ಹಿಡಿದಿಡುತ್ತೆ, ಅಷ್ಟೆ. ಕೂಡಿಕೊಳ್ಳೋದು ಮೂಳೆ ಕೆಲಸ. ಕೈಯನ್ನ ಮತ್ತೆ ಕೆಲಸಕ್ಕೆ ಹಚ್ಚೋದು ನಿನ್ನ ಕೆಲಸ.' ಇದಕ್ಕಿಂತ ಒಳ್ಳೆಯ ಕರಪತ್ರ ನಾನು ಓದಿಲ್ಲ. ಮೊದಲು ಬೆರಳು, ಆಮೇಲೆ ಮಣಿಕಟ್ಟು, ಆಮೇಲೆ ಹಗುರ ಭಾರ. ಜೂನ್‌ನಲ್ಲಿ ಮೂಳೆಯ ಚಿತ್ರ ತೆಗೆದು ನೋಡುವ ತನಕ ಏನನ್ನೂ ಎಸೆಯುವಂತಿಲ್ಲ.

ಕೈಗಿಂತ ಹೆಚ್ಚು ನೋಯುತ್ತಿರುವುದು ಕಿವಿ. ದಾರಿಗೆ ಕಾಲಿಟ್ಟರೆ ಸಾಕು, ಪೋಲೆ! ಬಾವಿಯ ಹತ್ತಿರ ಪೋಲೆ, ಸಂತೆಯಲ್ಲಿ ಪೋಲೆ, ಮೇಕೆಗೆ ಮಾತು ಬಂದಿದ್ದರೆ ಅದೂ ಪೋಲೆ ಅನ್ನುತ್ತಿತ್ತು. ಅಯ್ಯೋ ಪಾಪ ಅನ್ನುವುದಕ್ಕೂ ಮೆಲ್ಲಗೆ ಅನ್ನುವುದಕ್ಕೂ ಒಂದೇ ಪದ ಇಟ್ಟುಕೊಂಡಿರುವ ಜನ ನಾವು. ಅದಕ್ಕೆ 'ಆಗಲೇ ಆರಿದೆ' ಎಂದು ಉತ್ತರ ಕೊಡಬೇಕಂತೆ, ಗಾಯ ಬಾಯಿಬಿಟ್ಟುಕೊಂಡಿದ್ದರೂ! ಆರದೆ ಇರುವುದನ್ನು ಆರಿದೆ ಎನ್ನಲು ನನ್ನ ನಾಲಗೆ ಏಳುವುದಿಲ್ಲ. ಸುಮ್ಮನೆ ಮುಂದೆ ಹೋಗುತ್ತೇನೆ. ಮಿಂಜಾಗೆ ಆಸ್ಪತ್ರೆಯಲ್ಲಿ ಮರ್ಯಾದೆಯನ್ನೂ ಕೊಯ್ದು ತೆಗೆದಿದ್ದಾರೆ ಅನ್ನುತ್ತಿದ್ದಾರೆ.

ಈಗ ಮುಖ್ಯ ವಿಷಯ. ನಿನ್ನೆ ನಮ್ಮ ಕುಣಿತದ ಮೇಳದ ಗುರು ಮಸುಂಗಾ ಬಂದಿದ್ದ. 'ಈ ವರ್ಷ ಹಾಡೋರ ಜೊತೆ ಕೂತ್ಕೊಳಮ್ಮ. ಜುಲೈ ಹಬ್ಬಕ್ಕೆ ಗುದ್ದಲಿ ನನ್ನ ಸೋದರಳಿಯ ಎಸೀತಾನೆ' ಅಂದ. ನೀನು ರೈಲು ಹಳಿ ಹಾಕಲು ಹೋದ ಮೇಲೆ ಸಾಲಿನ ಮುಂದೆ ಕುಣಿಯುತ್ತಾ ಗುದ್ದಲಿಯನ್ನು ಮೇಲಕ್ಕೆಸೆದು ಹಿಡಿಯುವ ಆ ಜಾಗಕ್ಕೆ ನಾನು ಎಷ್ಟು ಜಗಳ ಆಡಿದ್ದೆನೆಂದು ನಿನಗೆ ಗೊತ್ತು. ನಮ್ಮ ಬಗಾಲು ಮೇಳದಲ್ಲಿ ಗುದ್ದಲಿ ಎಸೆದ ಮೊದಲ ಹುಡುಗಿ ನಾನು. ಒಂದು ವರ್ಷ ಬಿಟ್ಟುಕೊಟ್ಟರೆ ಆ ಜಾಗ ಇನ್ನು ಯಾವ ಹುಡುಗಿಗೂ ಸಿಗುವುದಿಲ್ಲ. ಎಸೆದೇ ಎಸೆಯುತ್ತೇನೆ. ಮೂಳೆಯ ವಿಷಯದ ಕರಪತ್ರ ಏನಾದರೂ ಇದ್ದರೆ ಕಳಿಸು.

ನಿನ್ನ ತಂಗಿ,
ಮಿಂಜಾ


ಮ್ಲಿಂಬಾ, ರೈಲು ಕ್ಯಾಂಪು
೨ ಏಪ್ರಿಲ್ ೧೯೭೨

ಪ್ರೀತಿಯ ಮಿಂಜಾ,

ನಿನ್ನ ಎಡಗೈ ಅಕ್ಷರ ನನ್ನ ಬಲಗೈಯದಕ್ಕಿಂತ ಚೆನ್ನಾಗಿದೆ. ಕ್ಯಾಂಪಿನಲ್ಲಿ ನಾಲ್ಕು ಜನಕ್ಕೆ ತೋರಿಸಿದೆ.

ಕೋಳಿಯ ಕಥೆಗೆ ಎಲ್ಲರೂ ನಕ್ಕರು. ಆದರೆ ಅವ್ವನ ಎದುರು ಅಷ್ಟು ಬಾಯಿ ಮಾಡಬೇಡ. ಹೆದರಿದ ಮನುಷ್ಯನಿಗೆ ಕೋಳಿಯೂ ಒಂದು ಆಸರೆಯೇ.

ಹಾಡುವವರ ಜೊತೆ ಕೂರುವುದೇ ಒಳ್ಳೆಯದು. ನಿನ್ನ ಗಂಟಲಿಗೇನೂ ಕಬ್ಬಿಣ ಹಾಕಿಲ್ಲವಲ್ಲ! ಇಲ್ಲಿ ಹೊಸದಾಗಿ ಹಾಕಿದ ಹಳಿಯ ಮೇಲೆ ತಕ್ಷಣ ಎಂಜಿನ್ ಬಿಡುವುದಿಲ್ಲ. ನಮ್ಮ ಚೀನೀ ಮೇಸ್ತ್ರಿ ಸುತ್ತಿಗೆಯಿಂದ ತಟ್ಟಿ, ಕಿವಿ ಇಟ್ಟು ಕೇಳಿ, ತಲೆ ಆಡಿಸಿದ ಮೇಲೆ ಮೊದಲು ಖಾಲಿ ಗಾಡಿ ಹೋಗುತ್ತದೆ, ಆಮೇಲೆ ತುಂಬಿದ ಗಾಡಿ. ಈ ವರ್ಷ ಖಾಲಿ ಗಾಡಿಯಾಗಿ ಹೋಗಿ ಬಾ. ಅದರಲ್ಲಿ ಅವಮಾನ ಏನಿದೆ?

ಮೂಳೆಯ ಕರಪತ್ರ ಸಿಗಲಿಲ್ಲ. 'ಕತ್ತಲೆಯ ವಿರುದ್ಧ' ಅನ್ನುವ ಹೊಸದೊಂದು ಕಳಿಸಿದ್ದೇನೆ, ಮಾಟ ಮದ್ದುಗಳ ಮೇಲೆ ಬರೆದಿದ್ದು. ಒಳ್ಳೆಯ ಸಾಲುಗಳ ಕೆಳಗೆ ಗೆರೆ ಎಳೆದಿದ್ದೇನೆ. ಜೊತೆಗೆ ಸೈಕಲ್ ಟ್ಯೂಬಿನ ಒಂದು ತುಂಡು ಇದೆ. ಮುಷ್ಟಿಯಲ್ಲಿ ಹಿಂಡು, ಬೆರಳಿಗೆ ಬಲ ಬರುತ್ತದೆ. ಬೀಳಿಸಿದ್ದೂ ಸೈಕಲ್ಲು, ಏಳಿಸುವುದೂ ಸೈಕಲ್ಲೇ ಆಗಲಿ.

ನಾವೀಗ ಸುರಂಗ ಕೊರೆಯುವ ಕಡೆಗೆ ಬಂದಿದ್ದೇವೆ. ಬೆಟ್ಟದ ಹೊಟ್ಟೆಯೊಳಗೆ ಹೋಗಿ ಕೆಲಸ ಮಾಡುವುದು. ಅವ್ವನಿಗೆ ಹೇಳು, ನಾನೇನೂ ಹೆದರಿಲ್ಲ ಎಂದು.

ಲುಹೆಂಡೆ


ಮ್ವಾಲುಗೆ
೧೪ ಮೇ ೧೯೭೨

ಅಣ್ಣ,

ಖಾಲಿ ಗಾಡಿ! ನಿನ್ನ ಪತ್ರವನ್ನು ಎರಡು ಸಾರಿ ಓದಿದೆ, ನಡುವೆ ಯಾರಾದರೂ ಅಕ್ಷರ ಬದಲಿಸಿದ್ದಾರೇನೋ ಎಂದು. ನನ್ನ ಕೈಗೆ ಮೊದಲ ಕರಪತ್ರ ಕೊಟ್ಟವನು ನೀನೇ ತಾನೆ? 'ದುಡಿಯುವ ಕೈ ಯಾರ ಅಪ್ಪಣೆಗೂ ಕಾಯುವುದಿಲ್ಲ' ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎಳೆದವನೂ ನೀನೇ.

ಈ ಪತ್ರ ಬಲಗೈಯಲ್ಲಿ ಬರೆದದ್ದು, ನೋಡಿಕೋ. ಟ್ಯೂಬು ಹಿಂಡಿ ಹಿಂಡಿ ಬೆರಳುಗಳಿಗೆ ಬುದ್ಧಿ ಬಂದಿದೆ. ಟ್ಯೂಬನ್ನು ಮನೆಯ ಕಂಬಕ್ಕೆ ಕಟ್ಟಿ ಎಳೆಯುತ್ತೇನೆ. ಜೋಳ ಬೀಸುವ ಕೆಲಸ ಅವ್ವನಿಂದ ಕಿತ್ತುಕೊಂಡಿದ್ದೇನೆ. ಬೀಸುಗಲ್ಲನ್ನು ಹಿಂದೆ ಮುಂದೆ ತಳ್ಳುವಾಗ ಮೊದಮೊದಲು ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ಹಾಡು ಬರುತ್ತದೆ. ಅಲಗು ತೆಗೆದ ಗುದ್ದಲಿಯ ಕಾವನ್ನು ಹಿಡಿದು ತಿರುಗಿಸುತ್ತೇನೆ, ಎಸೆಯುವುದಿಲ್ಲ, ಡಾಕ್ಟರಿಗೆ ಕೊಟ್ಟ ಮಾತು. ಅಂಗೈ ಮಾತ್ರ ಆಕಾಶ ನೋಡಲು ಇನ್ನೂ ಸ್ವಲ್ಪ ನಾಚಿಕೊಳ್ಳುತ್ತದೆ. ಸಣ್ಣ ವಿಷಯ.

ದೊಡ್ಡ ವಿಷಯ ಬೇರೆ ಇದೆ. ಮಸುಂಗಾ ಮತ್ತೆ ಬಂದ. ಹಾಡುವವರ ಸಾಲಿಗೆ ನಾನು ಬರುವುದಿಲ್ಲ ಅಂದದ್ದಕ್ಕೆ ಬೈಯಲೆಂದು ಬಂದವನು, ಮುಂಗೈಯ ಗಾಯದ ಗೆರೆ ನೋಡಿ ಬಾಯಿ ತೆರೆದುಕೊಂಡು ನಿಂತ. ಸಂಜೆ ಮೇಳದ ಹುಡುಗರನ್ನೆಲ್ಲ ಕರೆತಂದು ನನ್ನ ಕೈಯನ್ನು ಸಂತೆಯ ದನದಂತೆ ಎತ್ತಿ ತೋರಿಸಿದ.

'ನಾವೆಲ್ಲ ಗೆಲ್ಲೋಕೆ ಅಂತ ಬೆರಳುದ್ದ ಚರ್ಮ ಗೀರಿಸಿಕೊಂಡು ಮದ್ದು ಉಜ್ಜಿಸಿಕೊಳ್ತೀವಿ. ಇಲ್ನೋಡ್ರೋ! ಇವಳಿಗೆ ಮೊಣಕೈತನಕ ಸೀಳಿ ಮೂಳೆಗೇ ಮದ್ದು ಬಿಗಿದಿದಾರೆ! ಕಡಲಾಚೆ ಮದ್ದು! ಇಂಥದ್ದು ಆ ಬಗಿಕಾ ಮೇಳದ ಕಿಶೋಶಾ ಹತ್ರ ಇದೆಯೇನ್ರೋ?'

'ಅದು ಮದ್ದಲ್ಲ, ಕಬ್ಬಿಣದ ಪಟ್ಟಿ. ನಮ್ಮ ಮನೆ ಬಾಗಿಲ ಕೀಲಿಗೂ ಅದೇ ಇರೋದು' ಅಂದೆ.

'ಹಾಗೇ ಹೇಳ್ಬೇಕು ಕಣಮ್ಮ, ಹಾಗೇ ಹೇಳ್ತಿರು' ಎಂದು ಕಣ್ಣು ಹೊಡೆದ.

ಈಗ ಸಾಲಿನ ಮುಂದೆ ನಾನೇ ನಿಲ್ಲಬೇಕಂತೆ. ಸೋದರಳಿಯ ಹಿಂದೆ. ಎರಡು ಮೇಳ ಒಂದೇ ಬಯಲಿನಲ್ಲಿ ಕುಣಿಯುವಾಗ ಜನ ಯಾವ ಕಡೆ ಹೆಚ್ಚು ಸೇರುತ್ತಾರೋ ಅವರದೇ ಗೆಲುವು ತಾನೆ? ನನ್ನ ಕೈ ನೋಡಲು ಜಿಲ್ಲೆಯೇ ಬರುತ್ತದಂತೆ. ಅಣ್ಣ, ನನಗೆ ಬೇಕಾದ ಜಾಗ ಸಿಕ್ಕಿದೆ, ಆದರೆ ಸಿಕ್ಕಿದ್ದು ನನ್ನ ಕೈಗಲ್ಲ, ಒಳಗಿನ ಕಬ್ಬಿಣಕ್ಕೆ. ಈ ಸುಳ್ಳಿನ ಮೇಲೆ ನಾನು ನಿಲ್ಲುವುದಿಲ್ಲ. ಮನೆಮನೆಗೂ ಹೋಗಿ 'ಕತ್ತಲೆಯ ವಿರುದ್ಧ' ಓದಿ ಹೇಳುತ್ತಿದ್ದೇನೆ.

ಮಿಂಜಾ


ಮ್ಲಿಂಬಾ
೧ ಜೂನ್ ೧೯೭೨

ಮಿಂಜಾ,

ಅಂಗೈ ನಾಚಿಕೊಳ್ಳುವ ಮಾತು ಓದಿ ನಕ್ಕೆ. ಅಂತೂ ನಮ್ಮ ಮನೆಯಲ್ಲಿ ನಾಚಿಕೆ ಅನ್ನುವುದು ನಿನ್ನ ಅಂಗೈಗಾದರೂ ಬಂತಲ್ಲ.

ಸಿಟ್ಟಾಗುವ ಮೊದಲು ಕೇಳು. ಮಸುಂಗಾ ಏನಾದರೂ ಅಂದುಕೊಳ್ಳಲಿ, ಜಾಗ ಸಿಕ್ಕಿತಲ್ಲ, ನಿಲ್ಲು. ಮೊದಲು ಕುಣಿ, ಆಮೇಲೆ ತಿಳಿಹೇಳು. ಕರಪತ್ರ ನಾಳೆಯೂ ಇರುತ್ತದೆ, ಹಬ್ಬ ವರ್ಷಕ್ಕೊಂದೇ. ಇಲ್ಲಿ ಸುರಂಗದ ಬಾಯಲ್ಲಿ ಹುಡುಗರು ತೋಳು, ಸೊಂಟ ಏನೇನೋ ಮುಟ್ಟಿಕೊಂಡು ಒಳಗೆ ಹೋಗುತ್ತಾರೆ. ನಾನು ಭಾಷಣ ಮಾಡುವುದಿಲ್ಲ. ನೋಡಿಯೂ ನೋಡದ ಹಾಗೆ ಇರುತ್ತೇನೆ. ಒಳಗೆ ಹೋಗಿ ಕಲ್ಲು ಒಡೆಯುವುದು ಮುಖ್ಯ, ಹೇಗೆ ಧೈರ್ಯ ತಂದುಕೊಂಡರು ಎನ್ನುವುದಲ್ಲ.

ನನ್ನ ಜೊತೆಗಾರ ಸೆನಿ ರಜೆಗೆ ಬರುತ್ತಿದ್ದಾನೆ. ಅವ್ವನಿಗೆ ಒಂದು ಬಟ್ಟೆ ಕಳಿಸಿದ್ದೇನೆ. ಅವನಿಗೆ ಊಟ ಹಾಕಿ. ಆದರೆ ಬಾಯಿಬಡುಕ, ಅವನು ಹೇಳುವುದನ್ನೆಲ್ಲ ನಂಬಬೇಡ.

ಲುಹೆಂಡೆ


ಮ್ವಾಲುಗೆ
೧೮ ಜೂನ್ ೧೯೭೨

ಲುಹೆಂಡೆ,

ಇವತ್ತು ಅಣ್ಣ ಎಂದು ಬರೆಯಲು ಮನಸ್ಸಿಲ್ಲ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಮ್ವಾಂಜಾಕ್ಕೆ ಹೋಗಿ ಬಂದೆ. ಚಿತ್ರ ತೆಗೆದರು. ಎರಡು ಮೂಳೆಯೂ ಕೂಡಿವೆ. 'ಇನ್ನು ಎಸಿ' ಎಂದರು ಡಾಕ್ಟರು. ಕಬ್ಬಿಣ ಒಳಗೇ ಇರಲಿ, ತೊಂದರೆ ಇಲ್ಲವಂತೆ. ಆ ಚಿತ್ರವನ್ನು ಕೇಳಿ ತಂದೆ. ಯಾಕೆಂದರೆ ಅಷ್ಟರಲ್ಲಿ ಎದುರು ಮೇಳದ ಕಿಶೋಶಾ ಹಬ್ಬದ ಸಮಿತಿಗೆ ದೂರು ಕೊಟ್ಟಿದ್ದ. ನಾನು ಮೈಯೊಳಗೆ ಮದ್ದು ಇಟ್ಟುಕೊಂಡು ಕುಣಿಯಲು ಬರುತ್ತಿದ್ದೇನಂತೆ.

ನೆನಪಿದೆಯಾ, 'ಮದ್ದು ಧರಿಸಿದವರಿಗೆ ಕಣದೊಳಗೆ ಪ್ರವೇಶವಿಲ್ಲ' ಎಂಬ ನಿಯಮ ಹೋದ ವರ್ಷ ಬಂದದ್ದು? ಅದನ್ನು ಬರೆದು, ಊರವರ ಹೆಬ್ಬೆಟ್ಟು ಒತ್ತಿಸಿ, ಸಮಿತಿಯ ಎದುರು ನಿಂತು ಓದಿದವಳು ನಾನೇ. ಆಮೇಲೆ ಒಬ್ಬನಾದರೂ ತಾಯತ ಬಿಚ್ಚಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಈಗ ಆ ನಿಯಮ ಮೊದಲ ಸಾರಿ ಎದ್ದು ನಿಂತಿದೆ, ನನ್ನ ಮೇಲೆ.

ಸಮಿತಿ ಮಾವಿನ ಮರದ ಕೆಳಗೆ ಕೂತಿತ್ತು. ಕಿಶೋಶಾ ಬಹಳ ಗೌರವದಿಂದ ಎದ್ದ.

'ನಾನು ನಿಯಮಕ್ಕೆ ತಲೆಬಾಗೋನು ಕಣಮ್ಮ ಮಿಂಜಾ. ಹೋದ ವರ್ಷ ನೀನು ಓದಿದಾಗ ಚಪ್ಪಾಳೆ ತಟ್ಟಿದ್ದೋರಲ್ಲಿ ನಾನೂ ಒಬ್ಬ.'

'ಇದು ಮದ್ದಲ್ಲ ಮಾವ, ಮೂಳೆ ಕೂಡಿಸೋ ಸಾಧನ. ನೋಡಿ' ಎಂದು ಚಿತ್ರವನ್ನು ಬಿಸಿಲಿಗೆ ಹಿಡಿದೆ. ಕಣ್ಣಿಂದ ನೋಡಿದರೆ ನಂಬುತ್ತಾರೆ ಅಂದುಕೊಂಡಿದ್ದೆ.

ಸಮಿತಿಯ ಹಿರಿಯಜ್ಜ ಮುಖ ಮುಚ್ಚಿಕೊಂಡ. 'ಮುಚ್ಚೇ, ಮುಚ್ಚು! ಬದುಕಿರೋರ ಎಲುಬು ಹಗಲು ಹೊತ್ತಲ್ಲಿ ನೋಡಬಾರದು!'

ಕಿಶೋಶಾ ಮಾತ್ರ ಹತ್ತಿರ ಬಂದು ಬಗ್ಗಿ ನೋಡಿದ. 'ಅಬ್ಬಬ್ಬ! ಮೊಳೆ ಹೊಡೆದು ಕೂರಿಸಿದಾರೆ ನೋಡಿ. ನನ್ನ ತಾಯತ ಎಳೆದರೆ ಕಿತ್ತು ಬರುತ್ತೆ. ಇದು ಬರುತ್ತಾ?'

ಅಧ್ಯಕ್ಷರು ಮಸುಂಗಾನ ಕಡೆ ತಿರುಗಿ, 'ನೀನೇ ಹೇಳಪ್ಪ, ನಿಮ್ಮ ಮೇಳದ ಹುಡುಗಿ. ಇದು ಮದ್ದೋ ಅಲ್ಲವೋ?' ಎಂದರು. ಅಲ್ಲ ಎಂದರೆ ಅವನು ಹುಡುಗರ ಎದುರು ಸುಳ್ಳುಗಾರ. ಹೌದು ಎಂದರೆ ನಾನು ಕಣದಿಂದ ಹೊರಗೆ. ಅವನು ಗಂಟಲು ಸರಿಮಾಡಿಕೊಂಡು, 'ಅದು ಮೇಳದ ಗುಟ್ಟು, ಹೇಳೋ ಹಾಗಿಲ್ಲ' ಅಂದ! ಅವನನ್ನು ಅಲ್ಲೇ ಬೀಸುಗಲ್ಲಿಗೆ ಹಾಕಿ ಬೀಸಬೇಕು ಅನ್ನಿಸಿತು.

ತೀರ್ಮಾನ ಹಬ್ಬದ ಹಿಂದಿನ ದಿನಕ್ಕೆ ಹೋಗಿದೆ. 'ಅಷ್ಟರಲ್ಲಿ ಕಬ್ಬಿಣ ತೆಗೆಸಿಕೊಂಡು ಬಂದರೆ ತಕರಾರಿಲ್ಲ' ಎಂದರು ಅಧ್ಯಕ್ಷರು. ಹಲ್ಲಿಗೆ ಸಿಕ್ಕಿದ ಮಾಂಸದ ಚೂರು ತೆಗೆಸಿಕೊಂಡು ಬಾ ಎನ್ನುವ ಹಾಗೆ.

ಈಗ ನಿನ್ನ ವಿಷಯ. ನಿನ್ನ ಸೆನಿ ನಮ್ಮಲ್ಲಿ ಊಟ ಮಾಡಿದ. ಅವ್ವ, 'ನಮ್ಮ ಲುಹೆಂಡೆ ಬೆಟ್ಟದೊಳಗೆ ಹೋಗೋವಾಗ ಹೆದರ್ತಾನಾ?' ಎಂದು ಕೇಳಿದಳು. 'ಏನಮ್ಮ, ಅವನ ಸೊಂಟದಲ್ಲಿ ಇಷ್ಟು ದಪ್ಪ ಮದ್ದಿನ ಗಂಟಿದೆ. ಸುರಂಗದ ಬಾಯಲ್ಲಿ ಎರಡು ಸಾರಿ ಮುಟ್ಟಿಕೊಂಡೇ ಒಳಗೆ ಹೋಗೋದು. ಒಂದಿನ ಮರೆತಿದ್ದ, ವಾಪಸ್ ಓಡಿ ಬಂದಿದ್ದ!' ಅವ್ವ ನಕ್ಕಳು. ನಾನು ಅರ್ಧ ಊಟಕ್ಕೇ ಕೈ ತೊಳೆದು ಎದ್ದೆ.

ಕತ್ತಲೆಯ ವಿರುದ್ಧ! ಗೆರೆ ಎಳೆದು ಕಳಿಸಿದ್ದೆಯಲ್ಲ! ಆ ಸಾಲುಗಳನ್ನು ನಾನು ಮನೆಮನೆಯಲ್ಲಿ ಓದಿ ಬೈಸಿಕೊಳ್ಳುತ್ತಿದ್ದಾಗ ನೀನು ಸೊಂಟ ಮುಟ್ಟಿಕೊಳ್ಳುತ್ತಿದ್ದೆ. 'ನೋಡಿಯೂ ನೋಡದ ಹಾಗೆ ಇರುತ್ತೇನೆ' ಎಂದು ಬರೆದಿದ್ದೆಯಲ್ಲ, ಯಾರನ್ನು ನೋಡದ ಹಾಗೆ? ನಿನ್ನನ್ನೇ?

ಆದರೆ ಒಂದು ಮಾತು. ಸಿಟ್ಟಿನಲ್ಲಿ ಜೋಳ ಬೀಸುತ್ತಾ ಕೂತಾಗ ನನಗೊಂದು ಹೊಳೆಯಿತು. ಏನೆಂದು ನಿನಗೆ ಹೇಳುವುದಿಲ್ಲ. ಗುಟ್ಟು ಇಟ್ಟುಕೊಳ್ಳುವುದನ್ನು ನಿನ್ನಿಂದಲೇ ಕಲಿತೆ.

ಮಿಂಜಾ


ಮ್ಲಿಂಬಾ
೩೦ ಜೂನ್ ೧೯೭೨

ಮಿಂಜಾ,

ನಿನ್ನ ಪತ್ರವೂ ಸೆನಿಯೂ ಒಂದೇ ದಿನ ಬಂದರು. ಆ ಬಾಯಿಬಡುಕ ನನ್ನ ಗುಟ್ಟನ್ನು ಅಲ್ಲಿ ಬಿಟ್ಟು, ನಿನ್ನದನ್ನು ಇಲ್ಲಿಗೆ ತಂದಿದ್ದಾನೆ.

ನೀನು ಎಡಗೈಯಲ್ಲಿ ಊಟ ಮಾಡುತ್ತೀಯಂತೆ. ಅತಿಥಿಯ ಎದುರು ಎಡಗೈಯಲ್ಲಿ ಉಗಾಲಿ ಮುದ್ದೆ ಮುರಿದದ್ದು ನೋಡಿ ಅವನಿಗೆ ಬೇಜಾರಾಯಿತಂತೆ. ಆಮೇಲೆ ಅವ್ವ ಹಿತ್ತಲಲ್ಲಿ ಹೇಳಿದಳಂತೆ, ತುತ್ತು ಬಾಯಿಗೆ ಒಯ್ಯಲು ಅವಳ ಬಲ ಅಂಗೈ ಮೇಲೆ ತಿರುಗುವುದೇ ಇಲ್ಲ ಎಂದು. ಅಂಗೈ ನಾಚುತ್ತದೆ ಎಂದು ಬರೆದಿದ್ದೆ. ನಾನು ನಕ್ಕಿದ್ದೆ. ಮಿಂಜಾ, ಆ ಜಾಗದಲ್ಲಿ ನಾನೂ ನಿಂತವನು. ಮೇಲಿಂದ ತಿರುಗುತ್ತಾ ಬರುವ ಗುದ್ದಲಿಯ ಕೆಳಗೆ ಅಂಗೈ ತೆರೆದು ಹಿಡಿಯಬೇಕು. ತಿರುಗದ ಅಂಗೈಯಲ್ಲಿ ಹೇಗೆ ಹಿಡಿಯುತ್ತೀಯ? ಅಲಗು ನಿನ್ನ ತಲೆಯ ಮೇಲೆ ಬೀಳುತ್ತದೆ, ಇಲ್ಲವೇ ಎದುರಿಗೆ ಕೂತ ಮಕ್ಕಳ ಮೇಲೆ. ನಿಲ್ಲಬೇಡ. ಕಿಶೋಶಾಗಾಗಿ ಅಲ್ಲ, ಸಮಿತಿಗಾಗಿ ಅಲ್ಲ. ಮುರಿದದ್ದು ಮತ್ತೆ ಮುರಿದರೆ ಏನು ಮಾಡುತ್ತೀಯ?

ಸೊಂಟದ ಗಂಟು ನಿಜ. ನಾನು ಊರು ಬಿಡುವ ದಿನ ಅವ್ವ ಕಟ್ಟಿದ್ದು. ಕರಪತ್ರ ಹೇಳುವುದನ್ನು ನನ್ನ ತಲೆ ಒಪ್ಪುತ್ತದೆ, ಬೆಟ್ಟದ ಬಾಯಲ್ಲಿ ನಿಂತಾಗ ಕಾಲು ಒಪ್ಪುವುದಿಲ್ಲ. ಬೈಯಿ. ಆದರೆ ಅಣ್ಣ ಅನ್ನುವುದನ್ನು ಬಿಡಬೇಡ.

ಲುಹೆಂಡೆ


ಮ್ವಾಲುಗೆ
೧೦ ಜುಲೈ ೧೯೭೨

ಅಣ್ಣ,

ನಿನ್ನ ಪತ್ರ ಹಬ್ಬ ಮುಗಿದ ಮೇಲೆ ಬಂತು. ಒಳ್ಳೆಯದೇ ಆಯಿತು, ಮೊದಲೇ ಬಂದಿದ್ದರೆ ಒಲೆಗೆ ಹಾಕುತ್ತಿದ್ದೆ.

ಹಬ್ಬದ ಹಿಂದಿನ ದಿನ ಮಾವಿನ ಮರದ ಕೆಳಗೆ ಎರಡೂ ಮೇಳ ಸೇರಿದ್ದವು. ನಾನು ಅವ್ವನ ದೊಡ್ಡ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಹೋಗಿ ನಡುವೆ ಇಟ್ಟೆ.

'ಇದೇನಮ್ಮ?' ಎಂದರು ಅಧ್ಯಕ್ಷರು.

'ನಿಯಮ ನನ್ನದೇ, ನಾನು ಪಾಲಿಸ್ತೀನಿ. ನನ್ನ ಕೈಯೊಳಗಿರೋದು ಮದ್ದು ಅಂತ ನೀವು ಹೇಳಿದರೆ ನಾನು ಕುಣಿಯಲ್ಲ. ಆದರೆ ನಿಯಮ ಎಲ್ಲರಿಗೂ ಒಂದೇ. ಎರಡೂ ಮೇಳದ ಪ್ರತಿಯೊಬ್ಬರೂ ತೋಳಿನದು, ಸೊಂಟದ್ದು, ಕೂದಲಲ್ಲಿ ಕಟ್ಟಿದ್ದು, ಡೋಲಿನೊಳಗೆ ತುರುಕಿದ್ದು, ಎಲ್ಲ ಈ ಬುಟ್ಟಿಗೆ ಹಾಕ್ಲಿ. ಬರಿ ಮೈಯಲ್ಲಿ ನಾಳೆ ಕಣಕ್ಕಿಳೀಲಿ. ಕಿಶೋಶಾ ಮಾವ, ನಿಯಮಕ್ಕೆ ತಲೆಬಾಗೋರು ನೀವು, ನಿಮ್ಮಿಂದಲೇ ಶುರುವಾಗಲಿ.'

ಅಣ್ಣ, ಆ ಮುಖಗಳನ್ನು ನೀನು ನೋಡಬೇಕಿತ್ತು. ಯಾರೂ ಬುಟ್ಟಿಯ ಕಡೆ ನೋಡಲಿಲ್ಲ. ಕಿಶೋಶಾನ ಕೈ ತಾನಾಗಿ ತೋಳಿನ ಕಡೆ ಹೋಗಿ ಅಲ್ಲೇ ನಿಂತಿತು. ಹಿರಿಯಜ್ಜ ಮೆಲ್ಲಗೆ ಅಂಗಿಯ ಗುಂಡಿ ಹಾಕಿಕೊಂಡ. ಇದು ನನಗೆ ಹೊಳೆದದ್ದು ನಿನ್ನ ಗಂಟಿನಿಂದ. ಇಷ್ಟು ಓದಿದ ನನ್ನ ಅಣ್ಣನೇ ಬಿಚ್ಚಲಾರದಿದ್ದರೆ ಈ ಬಯಲಿನಲ್ಲಿ ಬಿಚ್ಚುವ ಗಂಡಸು ಯಾರು?

ಕೊನೆಗೆ ಕಿಶೋಶಾನೇ, 'ಚಿತ್ರ ಇನ್ನೊಂದ್ಸಾರಿ ತೋರ್ಸಮ್ಮ' ಅಂದ. ಬಿಸಿಲಿಗೆ ಹಿಡಿದು, ಓರೆಯಾಗಿ ನೋಡಿ, 'ಹ್ಞೂಂ, ಬಾಗಿಲ ಕೀಲಿನ ಥರಾನೇ ಇದೆ' ಎಂದ. ಎಲ್ಲರಿಗೂ ಒಮ್ಮೆಲೇ ಅದು ಬಾಗಿಲ ಕೀಲಿನಂತೆಯೇ ಕಾಣತೊಡಗಿತು. ಅಧ್ಯಕ್ಷರು ತಕರಾರು ವಜಾ ಎಂದರು. ಬುಟ್ಟಿ ಖಾಲಿಯಾಗಿಯೇ ಮನೆಗೆ ಬಂತು. ನನ್ನ ನಿಯಮ ಅಲ್ಲೇ ಸತ್ತಿತು ಎಂಬುದೂ ನನಗೆ ಗೊತ್ತು. ಅದನ್ನು ಮತ್ತೆ ಎಬ್ಬಿಸುತ್ತೇನೆ, ಕೈ ಪೂರ್ತಿ ಸರಿಹೋಗಲಿ.

ಇನ್ನು ಅಂಗೈ. ನಾಚುತ್ತದೆ ಎಂದು ಬರೆದದ್ದು ಸುಳ್ಳಲ್ಲ, ಅರ್ಧ ನಿಜ. ಅದು ತಿರುಗುವುದಿಲ್ಲ. ಚಿತ್ರ ತೆಗೆದ ದಿನ ಡಾಕ್ಟರು ಹೇಳಿದ್ದು: 'ಮೂಳೆ ಗಟ್ಟಿ ಆಗಿದೆ. ತಿರುಗೋದು ಇಷ್ಟೇ ಇರಬಹುದು, ಇನ್ನೂ ಸ್ವಲ್ಪ ಬರಬಹುದು. ನಾನು ಮಾತು ಕೊಡಲ್ಲ.' ಆ ದಿನ ಬಸ್ಸಿನಲ್ಲಿ ಮುಖಕ್ಕೆ ಬಟ್ಟೆ ಹಾಕಿಕೊಂಡು ಅತ್ತೆ. ಇದನ್ನು ಯಾರಿಗೂ ಹೇಳಿಲ್ಲ. ಮಾರನೆಯ ದಿನ ಅಂಗಳದಲ್ಲಿ ಗಿಡುಗ ಬಂದು ಒಂದು ಕೋಳಿಮರಿ ಎತ್ತಿಕೊಂಡು ಹೋಯಿತು. ಅವ್ವ ಕಲ್ಲು ತೆಗೆದುಕೊಂಡು ಓಡಿದಳು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಗಿಡುಗ ಅಂಗೈ ತೆರೆದು ಕೆಳಗೆ ನಿಂತು ಕಾಯಲಿ ಎಂದು ಯಾರಾದರೂ ಹೇಳಿದ್ದರಾ ಅಣ್ಣ? ಅದು ಮೇಲಿನಿಂದ ಹಿಡಿಯುತ್ತದೆ!

ಆಮೇಲಿಂದ ಊರಾಚೆಯ ಬಂಡೆಗಳ ಹಿಂದೆ, ನರಪಿಳ್ಳೆ ಇಲ್ಲದ ಕಡೆ, ದಿನವೂ ಎಸೆದೆ. ಗುದ್ದಲಿ ಇಳಿಯುವಾಗ ಕೆಳಗೆ ನಿಲ್ಲುವುದಿಲ್ಲ. ಪಕ್ಕಕ್ಕೆ ಸರಿದು, ಕಾವು ಎದೆಯ ಮಟ್ಟಕ್ಕೆ ಬಂದಾಗ ಅಂಗೈ ಕೆಳಮುಖ ಮಾಡಿ ಮೇಲಿನಿಂದ ಗಬಕ್ಕನೆ ಎರಗುವುದು. ಮೊದಮೊದಲು ಬಂಡೆಗಳು ನಕ್ಕವು. ಕಾವು ಒಂದು ಸಾರಿ ಮುರಿಯಿತು. ಮೂಳೆ ಮುರಿಯಲಿಲ್ಲ.

ಹಬ್ಬದ ದಿನ ಬಯಲಿನ ಆ ತುದಿಗೆ ಅವರು, ಈ ತುದಿಗೆ ನಾವು. ಡೋಲು ಶುರುವಾಯಿತು. ಸಾಲು ಅಗೆಯುತ್ತಾ ಮುಂದೆ ಬಂತು. ನಾನು ಮಕ್ಕಳನ್ನು ಹಿಂದಕ್ಕೆ ಸರಿಸಿ ಎಸೆದೆ. ಗುದ್ದಲಿ ಮೇಲೆ ಹೋಗಿ ಬಿಸಿಲಲ್ಲಿ ಹೊಳೆದು ತಿರುಗಿ ಬಂತು, ನಾನು ಎರಗಿದೆ, ಬೆರಳಿಗೆ ತಗುಲಿ ಜಾರಿ ದೂಳಿಗೆ ಬಿತ್ತು.

ಇಡೀ ಬಯಲು ಒಂದೇ ದನಿಯಲ್ಲಿ, 'ಪೋಲೆ!'

ಜನವರಿಯಿಂದ ನುಂಗಿದ್ದ ಪೋಲೆಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದವು. 'ನಿಮ್ಮ ಪೋಲೆ ಯಾರಿಗೆ ಬೇಕು? ಜಾಗ ಬಿಡ್ರಿ!' ಎಂದು ಕೂಗಿದೆ. ಡೋಲಿನವನು ನಕ್ಕು ತಾಳ ತಪ್ಪಿದ. 'ಬಾರ್ಸೋ, ನಿಂಗೇನಾಯ್ತು!' ಎಂದು ಅವನನ್ನೂ ಬೈದು ಮತ್ತೆ ಎಸೆದೆ, ಮೊದಲಿಗಿಂತ ಎತ್ತರಕ್ಕೆ. ಬಂತು. ಎರಗಿದೆ. ಹಿಡಿದೆ. ಮುಂಗೈಯಿಂದ ಹೆಗಲಿನವರೆಗೆ ಒಂದು ಝುಮ್ಮು ಹೋಯಿತು, ನಿನ್ನ ಮೇಸ್ತ್ರಿ ಹಳಿ ತಟ್ಟಿದಾಗ ಬರುವ ದನಿಯಂತೆ. ಗಟ್ಟಿ ಇದೆ ಅಣ್ಣ. ಗಟ್ಟಿ ಇದೆ! ಆಮೇಲೆ ಎಸೆದದ್ದನ್ನೆಲ್ಲ ಹಿಡಿದೆ.

ಗೆದ್ದೆವಾ ಎಂದು ಕೇಳುತ್ತೀಯ. ಇಲ್ಲ. ಕಿಶೋಶಾ ಗೋಣಿಚೀಲದಿಂದ ಹೆಬ್ಬಾವು ತೆಗೆದ, ಜನ ಆ ಕಡೆ ಓಡಿದರು. ಹೆಬ್ಬಾವಿನ ಎದುರು ಕರಪತ್ರವೂ ಇಲ್ಲ, ಗಿಡುಗನೂ ಇಲ್ಲ.

ಮಸುಂಗಾ ಸಂಜೆ ಬೆವರು ಒರೆಸಿಕೊಳ್ಳುತ್ತಾ ಬಂದ. 'ಮದ್ದಿನ ಶಕ್ತಿ ಸ್ವಲ್ಪ ಕಮ್ಮಿ ಆಯ್ತೋ ಏನೋ' ಅಂದ.

'ಅದು ಮೊದಲಿಂದ ಇರಲೇ ಇಲ್ಲ ಗುರುವೇ. ಮೊದಲ ಸಾರಿ ಬಿತ್ತಲ್ಲ, ಮದ್ದಿದ್ದಿದ್ದರೆ ಬೀಳ್ತಿತ್ತಾ?'

ಅವನು ಬೆವರಿನ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. 'ಹಾಗಾದ್ರೆ ಆಮೇಲೆ ಹಿಡಿದದ್ದು?'

'ನಾನು.'

'ಹ್ಞೂಂ. ಹಾಗಾದ್ರೆ ಆ ಹಿಡಿತ ಹುಡುಗರಿಗೂ ಕಲಿಸು. ಸೋದರಳಿಯನಿಗೆ ಮೊದಲು.'

ಸಾಲಿನ ಮುಂದೆ ನಿಂತವರೇ ಕಲಿಸುವುದು ನಮ್ಮ ಮೇಳದ ಪದ್ಧತಿ. ಬೇರೇನೂ ಹೇಳಬೇಕಾಗಿಲ್ಲ.

ಮಿಂಜಾ


ಮ್ಲಿಂಬಾ
೧೭ ಸೆಪ್ಟೆಂಬರ್ ೧೯೭೨

ಮಿಂಜಾ,

ನಿನ್ನ ಪತ್ರವನ್ನು ಸೆನಿ ಎಲ್ಲರಿಗೂ ಓದಿ ಹೇಳಿದ. 'ನಿಮ್ಮ ಪೋಲೆ ಯಾರಿಗೆ ಬೇಕು, ಜಾಗ ಬಿಡ್ರಿ' ಅನ್ನುವುದು ಈಗ ನಮ್ಮ ಕ್ಯಾಂಪಿನ ಮಾತಾಗಿದೆ. ಯಾರಾದರೂ ಎಡವಿ ಬಿದ್ದರೆ ಎದ್ದವನೇ ಹಾಗೆ ಕೂಗುತ್ತಾನೆ. ಚೀನೀ ಮೇಸ್ತ್ರಿಯೂ ಕಲಿತಿದ್ದಾನೆ, ಅರ್ಥ ಗೊತ್ತಿಲ್ಲ.

ನಿಲ್ಲಬೇಡ ಎಂದು ಬರೆದದ್ದು ಹೆದರಿಕೆಯಿಂದ. ಮತ್ತೆ ಅದೇ ಪರಿಸ್ಥಿತಿ ಬಂದರೆ ಮತ್ತೆ ಹಾಗೇ ಬರೆಯುತ್ತೇನೆ. ನೀನೂ ಮತ್ತೆ ನನ್ನ ಮಾತು ಕೇಳಬೇಡ.

ಸೊಂಟದ ಗಂಟು ಈಗ ಅಂಗಿಯ ಜೇಬಿಗೆ ಬಂದಿದೆ. ನಗಬೇಡ. ಅದೂ ಮೆಲ್ಲಗೆ ನಡೆಯಲು ಕಲಿಯುತ್ತಿದೆ.

ಕೈ ಹೇಗಿದೆ? ಈ ಸಾರಿ ಪೂರ್ತಿ ನಿಜ ಬರೆ.

ಲುಹೆಂಡೆ


ಮ್ವಾಲುಗೆ
೧೨ ನವೆಂಬರ್ ೧೯೭೨

ಅಣ್ಣ,

ಪೂರ್ತಿ ನಿಜ: ಚಳಿ ಬೆಳಗಿನಲ್ಲಿ ಕಬ್ಬಿಣ ತಣ್ಣಗೆ ನೋಯುತ್ತದೆ. ಅಂಗೈ ಮೊದಲಿಗಿಂತ ಸ್ವಲ್ಪ ತಿರುಗುತ್ತದೆ, ಆಕಾಶದ ತನಕ ಇಲ್ಲ, ಮರದ ತುದಿಯ ತನಕ. ತುತ್ತು ಬಲಗೈಯಲ್ಲೇ ಬಾಯಿಗೆ ಬರುತ್ತದೆ, ನಾನು ತಲೆಯನ್ನು ಸ್ವಲ್ಪ ಬಗ್ಗಿಸಬೇಕು. ಇಷ್ಟೇ ನಾನು ತಲೆಬಾಗುವುದು.

ಮಳೆ ಬಿದ್ದಿದೆ. ಮೇಳದವರೆಲ್ಲ ಸೇರಿ ಹೊಲದಿಂದ ಹೊಲಕ್ಕೆ ಅಗೆಯುತ್ತಾ ಹೋಗುತ್ತಿದ್ದೇವೆ. ಡೋಲು ಒಂದು ಕಡೆ, ನಾವು ಸಾಲಾಗಿ. ಸೋದರಳಿಯ ಇನ್ನೂ ಗಿಡುಗನ ಹಿಡಿತಕ್ಕೆ ಒದ್ದಾಡುತ್ತಿದ್ದಾನೆ. ಅಂಗೈ ಪೂರ್ತಿ ತಿರುಗುವವರಿಗೆ ಅದು ಕಷ್ಟವೇ. ಅವನಿಗೆ ಒಂದು ಕರಪತ್ರವನ್ನೂ ಕೊಟ್ಟಿದ್ದೇನೆ. ಗೆರೆ ಎಳೆದಿಲ್ಲ. ಅವನಿಗೆ ಬೇಕಾದ ಕಡೆ ಅವನೇ ಎಳೆದುಕೊಳ್ಳಲಿ.

ನಿನ್ನೆ ಅವ್ವನ ಹೊಲದ ಸರದಿ. ಬಿಸಿಲು ನೆತ್ತಿಗೆ ಬಂದಿತ್ತು. ನಾನು ಸಾಲಿನ ಮುಂದೆ ಇದ್ದೆ. ದಾರಿಯಲ್ಲಿ ಯಾರೋ ಸೈಕಲ್ಲು ತಳ್ಳಿಕೊಂಡು ಬಂದು ನಿಂತರು. ಕಣ್ಣಿಗೆ ಬೆವರು ಇಳಿದಿದ್ದರಿಂದ ಮೊದಲು ಗುರುತು ಸಿಗಲಿಲ್ಲ. ಕಿಶೋಶಾ. ಹೆಬ್ಬಾವಿನ ಚೀಲ ಹಿಂದೆ ಕಟ್ಟಿಕೊಂಡಿದ್ದ. ನನ್ನ ಕೈಯನ್ನು ನೋಡಿದ. ಗಾಯದ ಗೆರೆಯನ್ನಲ್ಲ. ಗುದ್ದಲಿ ಏಳುವುದನ್ನು, ನೆಲಕ್ಕೆ ಇಳಿಯುವುದನ್ನು ನೋಡಿದ.

'ಪೋಲೆ ನಾ ಕಾಜಿ, ಮಿಂಜಾ' ಅಂದ.

ಕೆಲಸ ಮಾಡುತ್ತಿರುವವರಿಗೆ ಹೇಳುವ ಮಾತು. ಬೆನ್ನು ಬಗ್ಗಿಸಿ ದುಡಿಯುತ್ತಿರುವ ಯಾರಿಗಾದರೂ ದಾರಿಹೋಕರು ಹೇಳುವ ಮಾತು, ನಿನಗೆ ಹೇಳುವ ಹಾಗೆ, ಅವ್ವನಿಗೆ ಹೇಳುವ ಹಾಗೆ. ಜನವರಿಯಿಂದ ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಅದೇ ಪದ ಅಣ್ಣ, ಅದೇ ಹಾಳು ಪೋಲೆ, ಆದರೆ ಈ ಸಾರಿ ಅದು ನನ್ನನ್ನು ಕೂರು ಎನ್ನಲಿಲ್ಲ.

ನಾನು ಅಗೆಯುವುದನ್ನು ನಿಲ್ಲಿಸದೆ ಉತ್ತರ ಕೊಟ್ಟೆ.

'ಆಗಲೇ ಆರಿದೆ, ಮಾವ.'

ಮಿಂಜಾ